ಬಾಣೆಯ ಕಾಡುಮರ: ಬಿಡೋದಾ, ಕಡಿಯೋದಾ, ಮೆಣಸು ಹಬ್ಬಿಸೋದಾ?

ಕಾಫಿಗೆ ಒಳ್ಳೆ ರೇಟು ಬಂದ ಮೇಲೆ ಕೊಡಗಿನಲ್ಲಿ ಒಂದು ಪ್ರಶ್ನೆ ಜಾಸ್ತಿ ಕೇಳಿಬರುತ್ತಿದೆ. ತೋಟದ ಪಕ್ಕ ಎರಡು ಮೂರು ಎಕರೆ ಬಾಣೆ, ಅಂದರೆ ಗದ್ದೆಗೆ ಸೇರಿ ಬಂದ ಮರಗಾಡಿನ ಹಿಡುವಳಿ, ಇದೆ. ಅಜ್ಜನ ಕಾಲದಿಂದ ಹಾಗೇ ಬಿಟ್ಟಿದ್ದಾರೆ. ಮತ್ತಿ, ನಂದಿ, ಹೊನ್ನೆ, ಹಲಸು, ಒಂದೆರಡು ಬೀಟೆ, ಕೆಳಗೆಲ್ಲ ಪೊದೆ. ಮರದ ವ್ಯಾಪಾರಿ ಬಂದು ಕಣ್ಣಳತೆ ಹಾಕಿ ಹೋಗಿದ್ದಾನೆ. ಬೆಂಗಳೂರಿನಲ್ಲಿರುವ ಮಗ ಫೋನಿನಲ್ಲಿ ಕಾರ್ಬನ್ ಕ್ರೆಡಿಟ್ (ಮರ ಹೀರುವ ಇಂಗಾಲಕ್ಕೆ ಸಿಗುವ ದುಡ್ಡು) ಅನ್ನುತ್ತಾನೆ. ಪಕ್ಕದ ಮನೆಯವರು ಹೋಂಸ್ಟೇ ಶುರು ಮಾಡಿದ್ದಾರೆ. ಈಗ ಏನು ಮಾಡೋದು?

ಈ ಬರಹ ಅಂಥವರಿಗೆ. ನೂರಾರು ಎಕರೆ ಎಸ್ಟೇಟಿನವರ ಲೆಕ್ಕ ಬೇರೆ, ಅವರಿಗೆ ಹೇಳೋಕೆ ಅವರದೇ ಮ್ಯಾನೇಜರ್, ರೈಟರ್ ಇರುತ್ತಾರೆ. ದೇವರಕಾಡಿನ ಮಾತೂ ಇಲ್ಲಿಲ್ಲ. ಜಿಲ್ಲೆಯಲ್ಲಿ 1,200ಕ್ಕೂ ಹೆಚ್ಚು ದೇವರಕಾಡುಗಳಿವೆ, ಅವುಗಳ ವಿಷಯದಲ್ಲಿ ಆಯ್ಕೆ ಮಾಡುವವರು ನಾವಲ್ಲ. ಸರ್ಕಾರಿ ನೆಲವಾದ ಪೈಸಾರಿಯೂ ಅಷ್ಟೇ. ನಿಮ್ಮ ಸ್ವಂತ ಹಿಡುವಳಿಯ ನೆಲಕ್ಕೆ ಮಾತ್ರ ಇದು ಅನ್ವಯ.

ದೊಡ್ಡ ಅಂಕಿಗಳಿಗೆ ಮರುಳಾಗಬೇಡಿ

ಕಾಡಿನಿಂದ ಜನರಿಗೆ ಆಗುವ ಲಾಭವನ್ನು ದುಡ್ಡಿನಲ್ಲಿ ಹೇಳುವ ಪ್ರಯತ್ನ ಹೊಸದೇನಲ್ಲ. 1997ರಲ್ಲಿ ರಾಬರ್ಟ್ ಕೊಸ್ಟಾಂಜಾ ಮತ್ತು ಸಂಗಡಿಗರು ಭೂಮಿಯ ಮೇಲಿನ ಕಾಡು, ಸಮುದ್ರ, ಜೌಗು ಎಲ್ಲವೂ ಸೇರಿ ವರ್ಷಕ್ಕೆ ಸುಮಾರು 33 ಲಕ್ಷ ಕೋಟಿ ಡಾಲರ್ ಬೆಲೆಯ ಕೆಲಸ ಮಾಡುತ್ತವೆ ಎಂದು ಲೆಕ್ಕ ಹಾಕಿದರು. 2005ರಲ್ಲಿ ವಿಶ್ವಸಂಸ್ಥೆಯ ಆಶ್ರಯದಲ್ಲಿ ಬಂದ ದೊಡ್ಡ ಸಮೀಕ್ಷೆ ಈ ಲಾಭಗಳನ್ನು ನಾಲ್ಕು ಗುಂಪು ಮಾಡಿತು. ಕೈಗೆ ಸಿಗುವ ಮರ, ಸೌದೆ, ಜೇನು, ನೀರು ಒಂದು. ನೆರೆ ತಡೆಯುವುದು, ಮಣ್ಣು ಹಿಡಿಯುವುದು, ಪರಾಗ ಸಾಗಿಸುವುದು ಇನ್ನೊಂದು. ದೇವರು, ಹಬ್ಬ, ನೆಮ್ಮದಿ ಮೂರನೆಯದು. ಇವೆಲ್ಲದರ ಬುಡದಲ್ಲಿ ಎಲೆ ಕೊಳೆತು ಮಣ್ಣಾಗುವಂಥ ಕೆಲಸ ನಾಲ್ಕನೆಯದು. ಇದನ್ನೆಲ್ಲ ನಮ್ಮ ಹಿರಿಯರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಗದ್ದೆಗೆ ಸೊಪ್ಪು, ಒಲೆಗೆ ಸೌದೆ, ದನಕ್ಕೆ ಮೇವು, ಮನೆಗೆ ತೊಲೆ ಸಿಗಲಿ ಅಂತಲೇ ಗದ್ದೆಯ ಜೊತೆ ಬಾಣೆ ಕೊಡುತ್ತಿದ್ದರು. ಬಾಣೆ ಎಂಬ ಹಿಡುವಳಿ ಹುಟ್ಟಿದ್ದೇ ಹಾಗೆ.

ನಮ್ಮ ದೇಶದಲ್ಲಿ ಕಾಡಿಗೆ ಬೆಲೆ ಕಟ್ಟಿಸಿದ್ದು ಸುಪ್ರೀಂ ಕೋರ್ಟು, ಗೋದಾವರ್ಮನ್ ತಿರುಮುಲ್ಪಾಡ್ ಪ್ರಕರಣದಲ್ಲಿ. ಅರಣ್ಯದ ಜಾಗವನ್ನು ಗಣಿಗೋ ಅಣೆಕಟ್ಟಿಗೋ ಪಡೆಯುವವರು 'ನಿವ್ವಳ ಪ್ರಸ್ತುತ ಮೌಲ್ಯ' ಅಂತ ಹಣ ಕಟ್ಟಬೇಕು. 2008ರಲ್ಲಿ ಇದು ಹೆಕ್ಟೇರಿಗೆ 4.38 ಲಕ್ಷದಿಂದ 10.43 ಲಕ್ಷ ರೂಪಾಯಿ ಇತ್ತು. 2022ರಲ್ಲಿ ಅದು 6.7 ಲಕ್ಷದಿಂದ 15.95 ಲಕ್ಷದವರೆಗೆ ಆಯಿತು. ಎಕರೆಗೆ ಇಳಿಸಿದರೆ ಸುಮಾರು 2.7 ಲಕ್ಷದಿಂದ 6.5 ಲಕ್ಷ. ಕಾಡು ಯಾವ ಬಗೆಯದು, ಎಷ್ಟು ದಟ್ಟ ಅನ್ನುವುದರ ಮೇಲೆ ದರ ನಿಂತಿದೆ. 2021ರಲ್ಲಿ ಅದೇ ಕೋರ್ಟಿನ ಮುಂದೆ ಬಂದ ತಜ್ಞರ ಸಮಿತಿಯ ವರದಿ ಇನ್ನೂ ಮುಂದೆ ಹೋಯಿತು. ಒಂದು ಮರಕ್ಕೆ ವರ್ಷಕ್ಕೆ 74,500 ರೂಪಾಯಿ, ಅದನ್ನು ಮರದ ವಯಸ್ಸಿನಿಂದ ಗುಣಿಸಿ ಎಂದಿತು. ಆ ಪ್ರಕಾರ ನಿಮ್ಮ ಬಾಣೆಯ ನೂರು ವರ್ಷದ ಮರ ಒಂದಕ್ಕೇ 74.5 ಲಕ್ಷ!

ಓದೋಕೆ ಖುಷಿಯಾಗುತ್ತದೆ, ಅಲ್ವಾ? ಆದರೆ ಈ ದುಡ್ಡು ನಿಮ್ಮ ಕೈಗೆ ಬರುವಂಥದ್ದಲ್ಲ. ನಿವ್ವಳ ಪ್ರಸ್ತುತ ಮೌಲ್ಯ ಅನ್ನುವುದು ಕಾಡು ಹಾಳುಮಾಡುವವರು ಕಟ್ಟುವ ತೆರಿಗೆ ಇದ್ದ ಹಾಗೆ, ಹೋಗುವುದು ಸರ್ಕಾರದ ಕಾಂಪಾ ನಿಧಿಗೆ. ಸಮಿತಿಯ ಅಂಕಿ ವರದಿಯಲ್ಲಿರುವ ಅಂಕಿ. ಅದನ್ನು ಹಿಡಿದು ಬ್ಯಾಂಕಿಗೆ ಹೋದರೆ ಮ್ಯಾನೇಜರ್ ಕಾಫಿ ಕೊಟ್ಟು ಕಳಿಸುತ್ತಾರೆ, ಸಾಲ ಕೊಡುವುದಿಲ್ಲ.

ನೀರಿನದೂ ಇದೇ ಕಥೆ. ನಮ್ಮ ಬಾಣೆಗಳಲ್ಲಿ ಇಂಗಿದ ಮಳೆ ತೋಡು, ಹೊಳೆ ಸೇರಿ ಕಾವೇರಿಯಾಗಿ ಕೆಆರ್‌ಎಸ್‌ಗೆ ಹೋಗುತ್ತದೆ. ಮೈಸೂರು, ಮಂಡ್ಯ, ಬೆಂಗಳೂರು ಅದನ್ನು ಕುಡಿಯುತ್ತವೆ. 2024ರ ಅಕ್ಟೋಬರಿನಲ್ಲಿ ಶುರುವಾದ ಕಾವೇರಿ ಐದನೇ ಹಂತ ಒಂದೇ ಬೆಂಗಳೂರಿಗೆ ದಿನಕ್ಕೆ 77.5 ಕೋಟಿ ಲೀಟರ್ ಒಯ್ಯುವ ಯೋಜನೆ. ನ್ಯೂಯಾರ್ಕ್ ನಗರ 1997ರಲ್ಲಿ ಕೋಟಿಗಟ್ಟಲೆ ಡಾಲರಿನ ಶುದ್ಧೀಕರಣ ಘಟಕ ಕಟ್ಟುವ ಬದಲು ಮೇಲ್ಗಡೆ ಕ್ಯಾಟ್‌ಸ್ಕಿಲ್ ಬೆಟ್ಟದ ರೈತರಿಗೆ, ಊರುಗಳಿಗೆ ದುಡ್ಡು ಕೊಟ್ಟು ನೀರು ಶುದ್ಧವಾಗಿಟ್ಟುಕೊಳ್ಳುವ ಒಪ್ಪಂದ ಮಾಡಿಕೊಂಡಿತು. ಕೋಸ್ಟರಿಕಾ ದೇಶ ಕಾಡು ಉಳಿಸಿಕೊಂಡ ಜಮೀನುದಾರರಿಗೆ ಅದೇ ಹೊತ್ತಿಗೆ ವರ್ಷ ವರ್ಷ ಹಣ ಕೊಡತೊಡಗಿತು. ನಮ್ಮಲ್ಲಿ ನೀರಿನ ಬಿಲ್ಲಿನ ಮೇಲೆ ಎರಡು ಮೂರು ರೂಪಾಯಿ ಹಸಿರು ಸೆಸ್ ಹಾಕಿ ಪಶ್ಚಿಮ ಘಟ್ಟಕ್ಕೆ ಬಳಸುವ ಪ್ರಸ್ತಾಪ 2024ರಲ್ಲಿ ಅರಣ್ಯ ಸಚಿವರಿಂದ ಬಂತು. ಪ್ರಸ್ತಾಪ ನಂಬಿಕೊಂಡು ಮನೆ ಬಜೆಟ್ ಹಾಕೋಕಾಗಲ್ಲ.

ಹಾಗಾದರೆ ಬಾಣೆಗೆ ಬೆಲೆ ಕಟ್ಟೋದು ಹೇಗೆ? ನನಗೆ ಸರಿ ಅನ್ನಿಸುವ ದಾರಿ ಇದು. ನಾಳೆ ಬೆಳಿಗ್ಗೆ ಬಾಣೆ ಇಲ್ಲ ಅಂದುಕೊಳ್ಳಿ. ಅದು ಪುಕ್ಕಟೆ ಕೊಡುತ್ತಿದ್ದುದನ್ನು ದುಡ್ಡು ಕೊಟ್ಟು ತರಬೇಕು. ಒಂದು ಹಾಳೆಯಲ್ಲಿ ಬರೆಯಿರಿ. ಬಿಸಿನೀರಿನ ಒಲೆಗೆ, ಕೆಲಸದವರ ಲೈನ್‌ಮನೆಗೆ ವರ್ಷಕ್ಕೆ ಎಷ್ಟು ಸೌದೆ? ಕೊಟ್ಟಿಗೆಗೆ ಹಾಸುವ ಸೊಪ್ಪು ತರಗಿನ ಬದಲು ಎಷ್ಟು ಲೋಡ್ ಗೊಬ್ಬರ? ತೋಡು ಫೆಬ್ರವರಿಗೇ ಬತ್ತಿದರೆ ಬೋರ್ ಕೊರೆಸಲು, ಮೋಟಾರಿಗೆ, ಡೀಸೆಲ್ಲಿಗೆ ಎಷ್ಟು? ಬೇಲಿ ಗೂಟ, ಏಣಿಗೆ ಬಿದಿರು ಎಷ್ಟು? ಅಡುಗೆಮನೆಯ ಬಾಬ್ತನ್ನೂ ಬಿಡಬೇಡಿ. ಕಣಿಲೆ (ಎಳೆ ಬಿದಿರು), ಅಣಬೆ, ಮಳೆಗಾಲದ ಕಕ್ಕಡ ತಿಂಗಳಲ್ಲಿ ಮದ್ದುಸೊಪ್ಪು. ಅಡುಗೆಗೆ ಹುಳಿಯಾಗಿ ಬಳಸುವ ಕಾಚಂಪುಳಿಯನ್ನೇ ನೋಡಿ. ಮಳೆಗಾಲದಲ್ಲಿ ಮರದಡಿ ಉದುರಿದ ಹಳದಿ ಹಣ್ಣನ್ನು ಜಿಗಣೆ ಕಿತ್ತುಕೊಳ್ಳುತ್ತಾ ಆಯಬೇಕು. ಬುಟ್ಟಿಯಲ್ಲಿ ತುಂಬಿ ಕೊಳೆಯಲು ಬಿಟ್ಟರೆ ಅಡಿಯಲ್ಲಿಟ್ಟ ಪಾತ್ರೆಗೆ ರಸ ತೊಟ್ಟು ತೊಟ್ಟಾಗಿ ಇಳಿಯುತ್ತದೆ. ಅದನ್ನು ಗಂಟೆಗಟ್ಟಲೆ ಕುದಿಸಿ, ಕಪ್ಪಗೆ ಮಂದವಾದ ಮೇಲೆ ಬಾಟಲಿಗೆ ತುಂಬಬೇಕು. ಪೇಟೆಯಲ್ಲಿ ಒಂದು ಬಾಟಲಿಗೆ ಎಷ್ಟು ಹೇಳುತ್ತಾರೆ ಅಂತ ಪಂದಿಕರಿ (ಹಂದಿಮಾಂಸದ ಸಾರು) ಮಾಡುವ ಮನೆಯವರಿಗೆ ಗೊತ್ತು.

ಈ ಹಾಳೆಯ ಮೊತ್ತ ಕೋರ್ಟಿನ ಅಂಕಿಗಿಂತ ಎಷ್ಟೋ ಚಿಕ್ಕದಿರುತ್ತದೆ. ಆದರೆ ವರ್ಷ ವರ್ಷ ಬರುತ್ತದೆ, ಮತ್ತು ನಿಮ್ಮದೇ. ವ್ಯಾಪಾರಿ ಹೇಳಿದ ಬೆಲೆಯ ಎದುರಿಗೆ ಇಡಬೇಕಾದದ್ದು ಇದನ್ನು.

ಏನೇನು ನೋಡಿ ತೀರ್ಮಾನಿಸೋದು

ಮೊದಲನೆಯದು ಕಾಗದ. ಕೊಡಗಿನಲ್ಲಿ ನೆಲ ನಿಮ್ಮದಾದರೆ ಮರವೂ ನಿಮ್ಮದೇ ಆಗಬೇಕೆಂದಿಲ್ಲ. ರಿಡೀಮ್ಡ್ ಆಗಿದ್ದರೆ ಮರದ ಬೆಲೆಯನ್ನು ಹಿಂದೆಯೇ ಸರ್ಕಾರಕ್ಕೆ ಕಟ್ಟಿಯಾಗಿದೆ. ಅನ್‌ರಿಡೀಮ್ಡ್ ಆಗಿದ್ದರೆ ಮರದ ಬೆಲೆ ಸರ್ಕಾರದ್ದು, ಅದನ್ನು ಕಟ್ಟದೆ ಮಾರುವಂತಿಲ್ಲ. ವಂಶಪಾರಂಪರ್ಯವಾಗಿ ಬಂದ ಜಮ್ಮಾ ಬಾಣೆಯಲ್ಲಿ ಕುಟುಂಬದ ಹತ್ತಾರು ಹೆಸರುಗಳಿರುತ್ತವೆ. ಒಬ್ಬರ ಸಹಿ ಇಲ್ಲದಿದ್ದರೂ ಕೆಲಸ ನಿಂತಿತು. ಆರ್‌ಟಿಸಿ ತೆಗೆಸಿ, ಮರದ ಹಕ್ಕು ಏನೆಂದು ಖಾತ್ರಿ ಮಾಡಿಕೊಂಡ ಮೇಲೇ ಉಳಿದ ಮಾತು. ಕಾಗದ ಸರಿಯಿಲ್ಲದವರಿಗೆ ಆಯ್ಕೆ ತಾನಾಗಿ ಒಂದೇ ಉಳಿಯುತ್ತದೆ: ಸುಮ್ನೆ ಬಿಡುವುದು.

ಎರಡನೆಯದು ಇಳಿಜಾರು. 2018ರ ಆಗಸ್ಟಿನಲ್ಲಿ ಜೋಡುಪಾಲ, ಮಕ್ಕಂದೂರು, ಮುಕ್ಕೋಡ್ಲು ಕಡೆ, 2019ರಲ್ಲಿ ತೋರದಲ್ಲಿ, 2020ರಲ್ಲಿ ತಲಕಾವೇರಿಯ ಬ್ರಹ್ಮಗಿರಿಯಲ್ಲಿ ಗುಡ್ಡ ಜರಿದದ್ದನ್ನು ಯಾರೂ ಮರೆತಿಲ್ಲ. ಮರ ಇದ್ದರೆ ಗುಡ್ಡ ಜರಿಯುವುದೇ ಇಲ್ಲ ಎನ್ನುವುದು ಪೂರ್ತಿ ನಿಜವಲ್ಲ. ಬೇರು ಹಿಡಿಯುವುದು ಮೇಲಿನ ಕೆಲವು ಅಡಿ ಮಣ್ಣನ್ನು. ದಿನಗಟ್ಟಲೆ ಮಳೆ ಕುಡಿದ ಗುಡ್ಡ ಆಳದಿಂದ ಕಳಚಿದರೆ ಮರವನ್ನೂ ಹೊತ್ತುಕೊಂಡೇ ಬರುತ್ತದೆ. ಆ ವರ್ಷಗಳಲ್ಲಿ ಕಾಡಿರುವ ಗುಡ್ಡಗಳೂ ಜರಿದವು. ಆದರೆ ರಸ್ತೆಗೆ, ಮನೆಗೆ ಅಂತ ಬುಡ ಕತ್ತರಿಸಿದ ಇಳಿಜಾರು, ನೀರು ಹರಿಯುವ ದಾರಿ ಮುಚ್ಚಿದ ಇಳಿಜಾರು ಹೆಚ್ಚು ಅಪಾಯದ್ದು ಎಂಬ ಮಾತನ್ನು ಭೂವಿಜ್ಞಾನಿಗಳು ಆಗಲೇ ಹೇಳಿದ್ದಾರೆ. ಕಡಿದಾದ ಬಾಣೆಗೆ ಜೆಸಿಬಿ ಹತ್ತಿಸುವ ಯಾವ ಆಯ್ಕೆಯನ್ನೂ ನಾನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ.

ಮೂರನೆಯದು ನೀರು. ಎರಡು ಎಕರೆ ಕಾಡು ಮಳೆ ತರಿಸುವುದಿಲ್ಲ. ಮರಗಳೇ ಸಾಕಷ್ಟು ನೀರು ಕುಡಿಯುತ್ತವೆ ಕೂಡ. ಕಾಡಿನ ನಿಜವಾದ ಉಪಕಾರ ನೆಲದ ಮೇಲೆ ಕಾಣುತ್ತದೆ. ತರಗು ತುಂಬಿದ, ಬೇರು ಎರೆಹುಳು ಸಡಿಲ ಮಾಡಿದ ಮಣ್ಣಿಗೆ ಜೋರು ಮಳೆಯೂ ಇಳಿಯುತ್ತದೆ. ಗಟ್ಟಿಯಾದ ಬೋಳು ನೆಲದಲ್ಲಿ ಕೆಂಪಗೆ ಹರಿದು ಹೋಗುತ್ತದೆ. ಭಾಗಮಂಡಲದ ಕಡೆ ಬೀಳುವ ಮಳೆ ಕುಶಾಲನಗರದ ಹಲವು ಪಟ್ಟು. ಆದರೂ ಎರಡೂ ಕಡೆಯವರಿಗೆ, ಕಾಫಿ ಹೂ ಬಿಡಿಸುವ ಹೂಮಳೆ ಕೈಕೊಟ್ಟ ವರ್ಷ ಸ್ಪ್ರಿಂಕ್ಲರಿಗೆ ನೀರು ಎಲ್ಲಿಂದ ಅನ್ನುವುದೇ ಚಿಂತೆ. ನಿಮ್ಮ ತೋಡಿನ ತಲೆ ಬಾಣೆಯಲ್ಲಿದೆಯಾ, ಬೇರೆ ಕಡೆ ಇದೆಯಾ ನೋಡಿ. ಬಾಣೆಯಲ್ಲಿದ್ದರೆ ಆ ಬಾಣೆಯ ಬೆಲೆಯೇ ಬೇರೆ.

ಇನ್ನು ಮೂರನ್ನು ಬೇಗ ಹೇಳುತ್ತೇನೆ. ತೋಟಕ್ಕೆ ಬಾಣೆ ಏನು ಕೊಡುತ್ತಿದೆ? ದುಡ್ಡು ಒಂದೇ ಸಲ ಬರುತ್ತದಾ, ವರ್ಷ ವರ್ಷ ಬರುತ್ತದಾ? ಮಾಡಿದ್ದು ಸರಿಹೋಗದಿದ್ದರೆ ಹಿಂದಕ್ಕೆ ಬರಲು ದಾರಿ ಇದೆಯಾ?

ಹಾಗೇ ಬಿಟ್ಟರೆ

ಖರ್ಚು ಹೆಚ್ಚುಕಮ್ಮಿ ಸೊನ್ನೆ. ಬೇಲಿ, ಬೇಸಿಗೆಯಲ್ಲಿ ಬೆಂಕಿ ಗೆರೆ, ಕಳ್ಳರ ಕಣ್ಣು ಬೀಟೆಯ ಮೇಲೆ ಬೀಳದಂತೆ ಆಗಾಗ ಒಂದು ಸುತ್ತು. ಕೈಗೆ ನಗದು ಬರುವುದಿಲ್ಲ. ಇದನ್ನು ಒಪ್ಪಿಕೊಂಡೇ ಮುಂದೆ ಹೋಗೋಣ.

ಬರುವ ಲಾಭದಲ್ಲಿ ಹೆಚ್ಚಿನವರು ಬರೆಯಲು ಮರೆಯುವುದು ಜೇನಿನದು. ರೊಬಸ್ಟಾ ಕಾಫಿ ತನ್ನದೇ ಪರಾಗದಿಂದ ಕಾಯಿ ಕಟ್ಟುವುದಿಲ್ಲ. ಬೇರೆ ಗಿಡದ ಪರಾಗ ಬೇಕು, ಅದನ್ನು ತರುವುದು ಗಾಳಿ ಮತ್ತು ಜೇನು. ಹೂಮಳೆ ಬಿದ್ದು ವಾರ ಹತ್ತು ದಿನಕ್ಕೆ ತೋಟ ಬೆಳ್ಳಗಾಗುತ್ತದೆ, ಆ ಎರಡು ಮೂರು ದಿನದಲ್ಲೇ ಕೆಲಸ ಮುಗಿಯಬೇಕು. ಹೆಜ್ಜೇನು ಗೂಡು ಕಟ್ಟಲು ಎತ್ತರದ, ರೆಂಬೆ ಚಾಚಿದ ಹಳೆಯ ಮರ ಬೇಕು. ತುಡುವೆ ಜೇನಿಗೆ ಮರದ ಪೊಟರೆ ಬೇಕು. ಇವೆರಡೂ ಸಿಗುವುದು ಬಾಣೆಯಲ್ಲೇ. ಹತ್ತಿರದಲ್ಲಿ ಕಾಡಿಲ್ಲದವರು ಹೂ ಬಿಡುವ ಹೊತ್ತಿಗೆ ಜೇನುಪೆಟ್ಟಿಗೆ ತಂದಿಡಬಹುದು, ಆದರೆ ಹೆಜ್ಜೇನನ್ನು ಪೆಟ್ಟಿಗೆಯಲ್ಲಿ ಸಾಕಲು ಆಗುವುದಿಲ್ಲ. ಅರೇಬಿಕಾ ಬೆಳೆಗಾರರಿಗೆ ಈ ಲಾಭ ಕಡಿಮೆ, ಅದು ತನ್ನ ಪರಾಗದಲ್ಲೇ ಕಾಯಿ ಕಟ್ಟಿಕೊಳ್ಳುತ್ತದೆ.

ತೊಂದರೆಯೂ ಇದೆ. ಆನೆ. ಸಿದ್ದಾಪುರ, ಪೊನ್ನಂಪೇಟೆ ಕಡೆಯವರಿಗೆ ಇದನ್ನು ವಿವರಿಸಬೇಕಿಲ್ಲ. ಹಗಲು ನಿಲ್ಲಲು ನೆರಳು, ತಿನ್ನಲು ಹಲಸು ಎರಡೂ ಸಿಕ್ಕಿದರೆ ಅವು ಅಲ್ಲೇ ಬಿಡಾರ ಹೂಡುತ್ತವೆ. ಹಲಸಿನ ಕಾಯನ್ನು ಬಲಿಯುವ ಮೊದಲೇ ಇಳಿಸುವವರಿದ್ದಾರೆ, ಅದರಿಂದ ಸ್ವಲ್ಪ ಅನುಕೂಲ. ಆದರೆ ನಿಮ್ಮೊಬ್ಬರ ಬಾಣೆ ಬೋಳಿಸಿದ ಮಾತ್ರಕ್ಕೆ ಆನೆ ಬರುವುದು ನಿಲ್ಲುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ.

ಮರ ಉಳಿಸಿ ಕೆಳಗೆ ಬೆಳೆ ಇಟ್ಟರೆ

ಹೆಚ್ಚಿನವರ ಮನಸ್ಸು ವಾಲುವುದು ಇಲ್ಲಿಗೆ. ಕೊಡಗಿನ ತೋಟಗಳು ಬೆಳೆದದ್ದೂ ಹೀಗೇ ಅಲ್ವಾ? ಪೊದೆ ತೆಗೆದು, ದೊಡ್ಡ ಮರ ಉಳಿಸಿ, ಕೆಳಗೆ ಕಾಫಿ.

ಆದರೆ ಇವತ್ತು ಕಾಫಿ ಹಾಕುವ ಮೊದಲು ಒಂದು ವಿಷಯ ತಿಳಿದಿರಲಿ. ಕಾಡು ಕಡಿದ ಜಾಗದ ಕಾಫಿಯನ್ನು ಕೊಳ್ಳಬಾರದೆಂದು ಯುರೋಪ್ ಒಕ್ಕೂಟ ಕಾನೂನು ಮಾಡಿದೆ. 2020ರ ಡಿಸೆಂಬರ್ 31ರ ನಂತರ ಕಾಡಾಗಿದ್ದುದನ್ನು ತೋಟ ಮಾಡಿದ್ದರೆ ಅಲ್ಲಿಯ ಕಾಫಿ ಅಲ್ಲಿಗೆ ಹೋಗುವಂತಿಲ್ಲ. ಜಾರಿಯ ದಿನವನ್ನು ಮುಂದೆ ಹಾಕುತ್ತಾ ಬಂದಿದ್ದಾರೆ, ಈ ಗಡುವನ್ನು ಬದಲಿಸಿಲ್ಲ. ಕಾಡು ಅಂದರೆ ಯಾವುದು ಅನ್ನುವುದಕ್ಕೂ ಅದರಲ್ಲಿ ಅಳತೆ ಇದೆ: ಅರ್ಧ ಹೆಕ್ಟೇರಿಗಿಂತ ಹೆಚ್ಚು ಜಾಗ, ಐದು ಮೀಟರಿಗಿಂತ ಎತ್ತರದ ಮರ, ಹತ್ತು ಶೇಕಡಕ್ಕಿಂತ ಹೆಚ್ಚು ನೆರಳು. ಈಗಾಗಲೇ ಬೆಳೆ ಇರುವ ನೆರಳಿನ ತೋಟ ಕೃಷಿ ಭೂಮಿ, ಅದಕ್ಕೆ ತೊಂದರೆ ಇಲ್ಲ. ಆದರೆ ಅರ್ಧ ಹೆಕ್ಟೇರ್ ಅಂದರೆ ಒಂದೂಕಾಲು ಎಕರೆಗೂ ಸ್ವಲ್ಪ ಕಡಿಮೆ. ನಿಮ್ಮ ಎರಡು ಎಕರೆ ಬಾಣೆ ಈ ಲೆಕ್ಕದಲ್ಲಿ ಕಾಡಾಗಿಬಿಡಬಹುದು! ಭಾರತದ ಕಾಫಿಯ ದೊಡ್ಡ ಪಾಲು ಇಟಲಿ, ಜರ್ಮನಿ ಕಡೆಗೇ ಹೋಗುವುದರಿಂದ ವ್ಯಾಪಾರಿಗಳು ತೋಟದ ಜಾಗದ ಗುರುತು ಕೇಳುತ್ತಾರೆ. ಹೊಸ ಬಾಣೆಯ ಎರಡು ಚೀಲವನ್ನು ಹಳೆ ತೋಟದ ಕಾಫಿಗೆ ಬೆರೆಸಿದರೆ ಇಡೀ ಸರಕಿಗೇ ಕುತ್ತು. ನೆಡುವ ಮುಂಚೆ ಕಾಫಿ ಬೋರ್ಡಿನ ಲಿಯೇಸನ್ ಆಫೀಸಿನಲ್ಲಿ ಒಂದು ಮಾತು ಕೇಳಿ.

ಕರಿಮೆಣಸು, ಏಲಕ್ಕಿ ಆ ಕಾನೂನಿನ ಪಟ್ಟಿಯಲ್ಲಿಲ್ಲ. ಅದಕ್ಕೇ ಈಗ ಹೊಸದಾಗಿ ಶುರು ಮಾಡುವವರಿಗೆ ನನ್ನ ಸಲಹೆ ಮೆಣಸು. ನಿಂತ ಮರಕ್ಕೇ ಬಳ್ಳಿ ಹಬ್ಬಿಸಬಹುದು, ಮರ ಕಡಿಯುವ ಮಾತೇ ಇಲ್ಲ. ಮೂರು ನಾಲ್ಕನೇ ವರ್ಷಕ್ಕೆ ಫಸಲು ಶುರು. ಹಲಸಿನಂಥ ಒರಟು ತೊಗಟೆಯ ಮರ ಒಳ್ಳೆಯದು. ನಂದಿ ಸಿಪ್ಪೆ ಬಿಡುತ್ತಿರುತ್ತದೆ, ಅದರ ಮೇಲೆ ಬಳ್ಳಿ ಕೂರುವುದಿಲ್ಲ. ನೀರು ನಿಲ್ಲುವ ಜಾಗವಾದರೆ ಮಳೆಗಾಲದಲ್ಲಿ ಸೊರಗು ರೋಗ ಬಳ್ಳಿಯನ್ನು ಬುಡಸಮೇತ ಒಯ್ಯುತ್ತದೆ, ಬಸಿಗಾಲುವೆ ತೆಗೆಯಲೇಬೇಕು. ಏಲಕ್ಕಿ ಗಾಳಿಬೀಡು, ಭಾಗಮಂಡಲ ಕಡೆಯ ತಂಪು ಬಾಣೆಗಳಿಗೆ ಹೊಂದುತ್ತದೆ, ಆದರೆ ಕಟ್ಟೆ ರೋಗದ ಕಾಟ, ಕೆಲಸದವರ ಕಾಟ ಎರಡನ್ನೂ ತಾಳುವವರಿಗೆ ಮಾತ್ರ.

ಬಾಣೆಯಲ್ಲಿ ಹಿಂದಿನಿಂದಲೂ ಅಲ್ಲಲ್ಲಿ ಕಾಫಿ ಇದ್ದವರ ಪ್ರಶ್ನೆ ಬೇರೆ: ಎಷ್ಟು ನೆರಳು ಇಡೋದು? ಅರೇಬಿಕಾಗೆ ನೆರಳು ತೀರಾ ತೆಳುವಾದರೆ ಬಿಳಿ ಕಾಂಡಕೊರಕ ಬಂತು. ದಟ್ಟವಾದರೆ ಮಳೆಗಾಲದಲ್ಲಿ ಕೊಳೆರೋಗ. ರೊಬಸ್ಟಾ ಹೆಚ್ಚು ಬಿಸಿಲು ಕೇಳುತ್ತದೆ. ಆದ್ದರಿಂದ ಇಲ್ಲಿ ವರ್ಷ ವರ್ಷ ಮರ ಕಪಾತು ಮಾಡಿಸಲೇಬೇಕು. ಎತ್ತರದ ಮರ ಹತ್ತಿ ರೆಂಬೆ ಇಳಿಸುವವರು ಈಗ ಸಿಗುವುದು ಕಷ್ಟ, ಕೂಲಿಯೂ ಜಾಸ್ತಿ. ನಗದು ಲೆಕ್ಕದಲ್ಲಿ ಈ ಆಯ್ಕೆಯ ದೊಡ್ಡ ಖರ್ಚು ಇದೇ. ಕಾಡುಮರದ ನೆರಳನ್ನು ಮೆಚ್ಚಿ ಬೆಲೆ ಕೊಡುವ ರೇನ್‌ಫಾರೆಸ್ಟ್ ಅಲೈಯನ್ಸ್‌ನಂಥ ಪ್ರಮಾಣಪತ್ರಗಳಿವೆ. ಒಬ್ಬೊಬ್ಬರೇ ಮಾಡಿಸಿದರೆ ದುಬಾರಿ, ಊರಿನ ಸಣ್ಣ ಬೆಳೆಗಾರರು ಗುಂಪಾಗಿ ಮಾಡಿಸಿದರೆ ಪರವಾಗಿಲ್ಲ.

ಹಿಂದಕ್ಕೆ ಬರುವ ದಾರಿ? ದೊಡ್ಡ ಮರ ಉಳಿದಿದೆ ಅಂದರೆ ದಾರಿ ಇದೆ. ಕೆಲಸ ಬಿಟ್ಟರೆ ಕೆಲವೇ ವರ್ಷಕ್ಕೆ ಪೊದೆ ತುಂಬಿಕೊಳ್ಳುತ್ತದೆ.

ಕಾಡುಮರ ಮಾರಿ ಸಿಲ್ವರ್ ಓಕ್ ನೆಟ್ಟರೆ

ಇದರ ಆಕರ್ಷಣೆ ಏನೆಂದು ಎಲ್ಲರಿಗೂ ಗೊತ್ತು. ಒಂದೇ ಕಂತಿನಲ್ಲಿ ಲಕ್ಷಗಟ್ಟಲೆ ದುಡ್ಡು. ಆಮೇಲೆ ನೇರ ಬೆಳೆಯುವ ಮರ, ಮೆಣಸಿನ ಬಳ್ಳಿಗೆ ಕಂಬ, ಕಪಾತು ಸುಲಭ. ಇಪ್ಪತ್ತು ಇಪ್ಪತ್ತೈದು ವರ್ಷಕ್ಕೆ ಮತ್ತೆ ಮೋಪು, ಅಂದರೆ ಮಾರುವ ಮರ. ಕರ್ನಾಟಕ ಮರ ಸಂರಕ್ಷಣಾ ಕಾಯ್ದೆ, 1976ರಲ್ಲಿ ವಿನಾಯಿತಿ ಪಡೆದ ಮರಗಳ ಪಟ್ಟಿಯಲ್ಲಿ ಸಿಲ್ವರ್ ಓಕ್ ಇದೆ. ಆದ್ದರಿಂದ ಕಡಿಯುವಾಗ ಕಾಡುಮರದಷ್ಟು ಓಡಾಟ ಇಲ್ಲ. ಬೆಳೆಗಾರರು ಇದಕ್ಕೆ ವಾಲಿದ್ದು ಯಾಕೆ ಅಂದರೆ ಅರ್ಧ ಉತ್ತರ ಈ ಕಾಯ್ದೆಯಲ್ಲೇ ಇದೆ. ನಮ್ಮದೇ ಹೊನ್ನೆಯನ್ನು ನೆಟ್ಟು ಬೆಳೆಸಿದರೆ ಕಡಿಯಲು ಅರ್ಜಿ, ಆಸ್ಟ್ರೇಲಿಯಾದಿಂದ ಬಂದ ಮರಕ್ಕೆ ಆರಾಮ. ಹೀಗಿರುವಾಗ ರೈತನನ್ನು ಬೈದು ಏನು ಪ್ರಯೋಜನ?

ಈಗ ಇನ್ನೊಂದು ಕಡೆ. ಬಾಣೆಯ ಮರದಡಿ ಕೂತು ಒಂದು ಹಿಡಿ ತರಗು ಎತ್ತಿ ನೋಡಿ. ಮೇಲಿನ ಎಲೆ ಒಣಗಿರುತ್ತದೆ, ಅದರಡಿಯದು ಜಾಲರಿಯಂತಾಗಿ, ಇನ್ನೂ ಕೆಳಗೆ ಕಪ್ಪು ಪುಡಿ. ಬೆರಳಿಗೆ ತೇವ ಹತ್ತುತ್ತದೆ, ಎರೆಹುಳು ಸಿಗುತ್ತದೆ. ಸಿಲ್ವರ್ ಓಕ್ ಒಂದೇ ಇರುವ ಜಾಗದಲ್ಲಿ ಎತ್ತಿದರೆ ಕೈಗೆ ಬರುವುದು ಗರಿಗರಿ ಎಲೆಯ ಚಾಪೆ, ಬೇಗ ಕೊಳೆಯುವುದಿಲ್ಲ. ಗೊಬ್ಬರದ ಬಿಲ್ಲಿನಲ್ಲಿ ಈ ವ್ಯತ್ಯಾಸ ಕಾಣಲು ಕೆಲವು ವರ್ಷ ಬೇಕು, ಅಷ್ಟರಲ್ಲಿ ಮರ ಮಾರಿದ ದುಡ್ಡು ಮುಗಿದಿರುತ್ತದೆ. ಹಕ್ಕಿಗೆ ಹಣ್ಣಿಲ್ಲ, ಹೆಜ್ಜೇನಿಗೆ ರೆಂಬೆ ಇಲ್ಲ. ಜೋರು ಗಾಳಿಗೆ ಮುರಿಯುವ ಮರವೂ ಹೌದು.

ಮಾರಲೇಬೇಕಾದರೆ ಎರಡು ಎಚ್ಚರಿಕೆ. ಇಡೀ ಬಾಣೆಯನ್ನು ಕಣ್ಣಳತೆಯಲ್ಲಿ ಗುತ್ತಿಗೆಗೆ ಕೊಡಬೇಡಿ. ಪ್ರತಿ ಮರಕ್ಕೂ ಸುತ್ತಳತೆ, ಎತ್ತರ ಹಿಡಿದು ಘನ ಅಡಿ ಲೆಕ್ಕ ಹಾಕಿಸಿ. ಅನುಮತಿ, ಸಾಗಣೆ ಪಾಸು ಎಲ್ಲ ನಿಮ್ಮ ಹೆಸರಿನಲ್ಲೇ ಆಗುವುದರಿಂದ ವ್ಯಾಪಾರಿ ಎರಡು ಮರ ಹೆಚ್ಚು ಉರುಳಿಸಿದರೂ ಕೇಸು ಬೀಳುವುದು ನಿಮ್ಮ ಮೇಲೆ. ಕಡಿದ ಮೇಲೆ ಹಿಂದಕ್ಕೆ ಬರುವ ದಾರಿ ನಿಮ್ಮ ಜೀವಮಾನದಲ್ಲಿ ಇಲ್ಲ.

ಹೋಂಸ್ಟೇ, ಕಾರ್ಬನ್

ಇವೆರಡನ್ನೂ ಜೊತೆಗೆ ಇಟ್ಟಿದ್ದೇನೆ, ಯಾಕಂದರೆ ಎರಡರಲ್ಲೂ ಕಾಡು ನಿಂತಿರುವುದೇ ಬಂಡವಾಳ. ಹಾಗಂತ ಎರಡೂ ಒಂದೇ ಅಲ್ಲ.

ಹೋಂಸ್ಟೇಯಲ್ಲಿ ದುಡ್ಡು ಬೇಗ ಬರುತ್ತದೆ. ಮೋಡ, ಹಕ್ಕಿ, ಜೀರುಂಡೆ ಸದ್ದಿಗೆ ಜನ ಬಾಡಿಗೆ ಕೊಡುತ್ತಾರೆ. ಕಾಡಿನ ಲಾಭಗಳ ಪಟ್ಟಿಯಲ್ಲಿ 'ನೆಮ್ಮದಿ'ಗೆ ಸಿಗುವ ನಗದು ಇದೊಂದೇ. ಪ್ರವಾಸೋದ್ಯಮ ಇಲಾಖೆಯಲ್ಲಿ ನೋಂದಣಿ ಬೇಕು, ಮನೆಯವರು ಅಲ್ಲೇ ವಾಸ ಇರಬೇಕು. ಇರುವ ಮನೆಯ ಕೋಣೆ ಕೊಟ್ಟರೆ ಬಾಣೆಗೆ ತೊಂದರೆಯಿಲ್ಲ. ಬಾಣೆಯೊಳಗೆ ನೆಲ ಸಮ ಮಾಡಿ ಕಾಟೇಜ್ ಕಟ್ಟುವುದು ಬೇರೆಯೇ ವ್ಯವಹಾರ, ಭೂ ಪರಿವರ್ತನೆ ಬೇಕು, ಗುಡ್ಡದ ಬುಡ ಕತ್ತರಿಸಬೇಕು. ಅದಕ್ಕೆ ನನ್ನ ಉತ್ತರ ಮೇಲೆಯೇ ಇದೆ. 2018ರ ಮಳೆಯಲ್ಲೂ 2020ರ ಲಾಕ್‌ಡೌನಿನಲ್ಲೂ ಬುಕಿಂಗ್ ಏನಾಯಿತು ಅಂತ ಪಕ್ಕದ ಮನೆಯವರನ್ನು ಕೇಳಿ, ಸಾಲ ಮಾಡುವ ಮೊದಲು.

ಕಾರ್ಬನ್ ದುಡ್ಡಿನ ಬಗ್ಗೆ ಮಗನಿಗೆ ಹೇಳಿ: ಈಗಾಗಲೇ ನಿಂತಿರುವ, ಯಾರೂ ಕಡಿಯಲು ಹೊರಡದ ಮರಕ್ಕೆ ಸಾಮಾನ್ಯವಾಗಿ ಕ್ರೆಡಿಟ್ ಸಿಗುವುದಿಲ್ಲ. ನೀವು ಹೊಸದಾಗಿ ಏನು ಮಾಡಿದಿರಿ ಅನ್ನುವುದಕ್ಕೆ ಹಣ. ಒಪ್ಪಂದ ದಶಕಗಟ್ಟಲೆ, ಎರಡು ಎಕರೆಗೆ ಒಂಟಿಯಾಗಿ ಪ್ರವೇಶವೇ ಇಲ್ಲ, ನೂರಾರು ಜನರನ್ನು ಸೇರಿಸುವ ಮಧ್ಯವರ್ತಿ ಕಂಪನಿ ಬೇಕು. ಸರ್ಕಾರದ ಗ್ರೀನ್ ಕ್ರೆಡಿಟ್ ಯೋಜನೆ 2023ರಲ್ಲಿ ಬಂತು, ಆದರೆ ಅದರಲ್ಲಿ ಮರ ನೆಡುವ ಕೆಲಸ ಮುಖ್ಯವಾಗಿ ಅರಣ್ಯ ಇಲಾಖೆ ತೋರಿಸುವ ಹಾಳುಬಿದ್ದ ಅರಣ್ಯ ಭೂಮಿಯದು. ಮೊದಲೇ ನೋಂದಣಿ ಶುಲ್ಕ ಕೇಳುವವರಿಗೆ ಗೇಟಿನಲ್ಲೇ ನಮಸ್ಕಾರ. ಶುಲ್ಕ ಇಲ್ಲದೆ, ಹೊಸದಾಗಿ ನೆಡುವ ಸಸಿಗೆ ಮಾತ್ರ ಒಪ್ಪಂದ ಅಂದರೆ ಓದಿ ನೋಡಬಹುದು. ನೆಲ ಮಾರುವ ಹಕ್ಕಿಗೆ, ಕುಟುಂಬದ ಪಾಲಿಗೆ ಅದು ಅಡ್ಡ ಬರುತ್ತದಾ ಅಂತ ವಕೀಲರಿಗೆ ತೋರಿಸಿ.

ಯಾರಿಗೆ ಯಾವುದು

ಮಗಳ ಮದುವೆಯೋ ಆಸ್ಪತ್ರೆಯೋ ಬಂದು ಒಮ್ಮೆಲೇ ದೊಡ್ಡ ಮೊತ್ತ ಬೇಕಾದವರು ಇಡೀ ಬಾಣೆ ಬೋಳಿಸುವ ಮೊದಲು ಕೆಲವೇ ಮರ ಮಾರಿ ಸಾಲುವುದಾ ನೋಡಿ. ಸಮತಟ್ಟು ಜಾಗದ, ಬಲಿತ, ಹಕ್ಕು ಸ್ಪಷ್ಟವಿರುವ ನಾಲ್ಕಾರು ಮರ. ಅನುಮತಿಗೆ ತಿಂಗಳುಗಳು ಹಿಡಿಯಬಹುದು, ಆಸ್ಪತ್ರೆಯ ಬಿಲ್ಲಿಗೆ ಅಷ್ಟು ತಾಳ್ಮೆ ಇರುವುದಿಲ್ಲ. ಅಂಥ ತುರ್ತಿಗೆ ಬೆಳೆ ಸಾಲವೋ ಒಡವೆ ಸಾಲವೋ ಹೆಚ್ಚು ಹೊಂದುತ್ತದೆ.

ವಯಸ್ಸಾದ ಗಂಡ ಹೆಂಡತಿ, ಮಕ್ಕಳು ಊರಲ್ಲಿಲ್ಲ, ಕೆಲಸದವರು ಸಿಗುವುದಿಲ್ಲ ಅನ್ನುವ ಮನೆಗೆ ಹಾಗೇ ಬಿಡುವುದೇ ಸರಿ. ಹೊಸ ತೋಟ ಮಾಡಿ ನೋಡಿಕೊಳ್ಳಲಾಗದೆ ಹಾಳು ಬಿಟ್ಟರೆ ಬಾಣೆಯೂ ಇಲ್ಲ, ಫಸಲೂ ಇಲ್ಲ. ಊರಿಗೆ ವಾಪಸ್ ಬಂದ, ಮೈಬಗ್ಗಿಸಿ ದುಡಿಯುವ ಮಕ್ಕಳಿದ್ದಾರೆ, ಕೈಯಲ್ಲಿ ಬಂಡವಾಳ ಕಡಿಮೆ ಅಂದರೆ ನಿಂತ ಮರಕ್ಕೆ ಮೆಣಸು, ಜೊತೆಗೆ ನಾಲ್ಕು ಜೇನುಪೆಟ್ಟಿಗೆ. ಬಂಡವಾಳ ಇದೆ, ದೊಡ್ಡ ಮನೆ ಖಾಲಿ ಬಿದ್ದಿದೆ ಅನ್ನುವವರು ಒಂದೆರಡು ಕೋಣೆಯ ಹೋಂಸ್ಟೇ ಮಾಡಿ, ಬಾಣೆಯಲ್ಲಿ ಕಾಲುದಾರಿ ಬಿಟ್ಟು ಬೇರೇನೂ ಮಾಡಬೇಡಿ. ಸಿಲ್ವರ್ ಓಕ್ ನೆಡುವ ಆಸೆ ಇದ್ದರೆ ತೋಟದ ಅಂಚಿಗೆ, ಬೇಲಿ ಸಾಲಿಗೆ ನೆಡಿ. ಇಪ್ಪತ್ತು ವರ್ಷದ ಮೇಲೆ ಮೋಪಿನ ದುಡ್ಡು ಅಲ್ಲಿಂದಲೂ ಬರುತ್ತದೆ, ಅದಕ್ಕಾಗಿ ಬೀಟೆ ಹೊನ್ನೆ ಉರುಳಿಸಬೇಕಿಲ್ಲ.

ಇಡೀ ಬಾಣೆಗೆ ಒಂದೇ ತೀರ್ಮಾನ ಬೇಕೆಂದೂ ಇಲ್ಲ. ತೋಡಿನ ಎರಡು ಬದಿ ಮತ್ತು ಕಡಿದಾದ ಮೇಲ್ಭಾಗವನ್ನು ಮುಟ್ಟದೆ ಬಿಟ್ಟು, ನಡುವಿನ ಸಮ ಜಾಗದಲ್ಲಿ ಮಾತ್ರ ಮೆಣಸು ಹಬ್ಬಿಸಬಹುದು. ಎರಡು ಎಕರೆಯಲ್ಲಿ ಅಂಥ ಜಾಗ ಮುಕ್ಕಾಲು ಎಕರೆ ಸಿಕ್ಕಿದರೂ ಸಾಕಷ್ಟಾಯಿತು. ಗಡಿ ಗುರುತಿಸಲು ಮಾರ್ಚ್ ತಿಂಗಳು ಒಳ್ಳೆಯದು. ಪೊದೆ ಒಣಗಿ ನೆಲದ ಏರಿಳಿತ ಕಾಣುತ್ತದೆ, ತೋಡಿನಲ್ಲಿ ನೀರು ಎಲ್ಲಿಯವರೆಗೆ ಉಳಿದಿದೆ ಅನ್ನುವುದೂ ಗೊತ್ತಾಗುತ್ತದೆ. ಬಿಡುವ ಮರಕ್ಕೆ, ಬಳ್ಳಿ ಹಬ್ಬಿಸುವ ಮರಕ್ಕೆ ಬೇರೆ ಬೇರೆ ಬಣ್ಣ ಬಳಿಸಿ. ಬಸಿಗಾಲುವೆಯನ್ನು ಏಪ್ರಿಲ್, ಮೇಯಲ್ಲಿ ತೆಗೆಸಿದರೆ ಜೂನ್ ಮಳೆ ಹಿಡಿಯುತ್ತಿದ್ದ ಹಾಗೆ ಬಳ್ಳಿ ನೆಡಬಹುದು.